ಮೂಲಸೌಕರ್ಯ

ಬೆಂಗಳೂರಿನಲ್ಲಿ ಬಜೆಟ್ ಓದುತ್ತಿದ್ದ ಹೊತ್ತಿಗೆ
ಇಲ್ಲಿ ಬೂತಾಯಿಯ ರೇಟು ಇಳಿಯುತ್ತಿತ್ತು.
ಮೊಬೈಲ್ ರಿಪೇರಿ ಅಂಗಡಿಯ ಟಿವಿಯೆದುರು
ನಾನೊಬ್ಬಳೇ ನಿಂತಿದ್ದೆ
ಮಹಿಳಾ ಸೊಸೈಟಿಯ ಲೆಕ್ಕದ ಪುಸ್ತಕ ಎದೆಗೊತ್ತಿ.
ನೀರಾವರಿ ಹೋಯಿತು, ರಸ್ತೆ ಹೋಯಿತು,
ಯಾರದೋ ವಚನದ ಎರಡು ಸಾಲು, ಮೇಜು ಕುಟ್ಟುವ ಸದ್ದು.
ಓದುವವರು ನಿಲ್ಲಿಸಿ ನೀರು ಕುಡಿದರು.
ಗ್ಲಾಸು ಕೆಳಗಿಟ್ಟು ಮತ್ತೆ ಓದಿದರು:
'ಕರಾವಳಿಯ ಮೀನು ಮಾರುಕಟ್ಟೆಗಳಲ್ಲಿ
ಮಹಿಳಾ ಮಾರಾಟಗಾರರಿಗೆ ಮೂಲಸೌಕರ್ಯ...'
ಮೊತ್ತ ಹೇಳುವಷ್ಟರಲ್ಲಿ ಕರೆಂಟು ಹೋಯಿತು.

ಆ ಶಬ್ದದ ಗುರುತು ನನಗುಂಟು.
ಒಂಬತ್ತನೇ ಕ್ಲಾಸಿನಲ್ಲಿ ನಾನು ಬರೆದ ಮನವಿಯದ್ದು.
ಹದಿನಾಲ್ಕು ಹೆಂಗಸರು ಸುತ್ತ ಕೂತಿದ್ದರು
ಕೈಯಲ್ಲಿ ಬಂಗುಡೆಯ ವಾಸನೆ, ಹೆಬ್ಬೆರಳಲ್ಲಿ ಶಾಯಿ.
'ಶೌಚಾಲಯ' ಅಂತ ಬರೆದದ್ದೇ
ವಾರಿಜಕ್ಕ ಬಾಯಿಗೆ ಸೆರಗು ಒತ್ತಿದರು.
ಹೊಡೆದು ಹಾಕು ಅದನ್ನು, ಅಂದಳು ಅಮ್ಮ,
ದೊಡ್ಡವರು ಓದುವ ಕಾಗದ ಮಾರಾಯ್ತಿ,
ಮರ್ಯಾದೆಯ ಒಂದು ಶಬ್ದ ಇಲ್ಲವಾ ನಿಮ್ಮ ಪುಸ್ತಕದಲ್ಲಿ?
ಇತ್ತು. ಸಮಾಜ ವಿಜ್ಞಾನ, ಆರನೆಯ ಪಾಠ.

ಅಮ್ಮ ನಾಲ್ಕು ಗಂಟೆಗೆ ಮಲ್ಪೆಯ ಧಕ್ಕೆಗೆ ಹೊರಡುವಾಗ
ಅರ್ಧ ಲೋಟ ಚಾ. ಆಮೇಲೆ ಬಾಯಿಗೆ ಹನಿಯಿಲ್ಲ
ಸಂಜೆ ಮನೆ ಮುಟ್ಟುವ ತನಕ.
ಸುತ್ತಲೂ ನೀರೇ ನೀರು. ಐಸು ಕರಗಿದ್ದು, ಮೀನು ತೊಳೆದದ್ದು,
ಕಾಲಡಿ ಹರಿದು ಚರಂಡಿಗೆ ಹೋಗುವುದು,
ಮಳೆಗಾಲದಲ್ಲಿ ತಗಡಿನ ತೂತಿನಿಂದ ನೆತ್ತಿಗೆ.
ಕುಡಿದರೆ ಎಲ್ಲಿ ಹೋಗುವುದು?
ಬಸ್‌ಸ್ಟ್ಯಾಂಡಿನದ್ದಕ್ಕೆ ಗಂಡಸರ ಸಾಲು ದಾಟಬೇಕು,
ವಾಪಸು ಬರುವಾಗ ಬುಟ್ಟಿಯಲ್ಲಿ
ಎರಡು ಬಂಗುಡೆ ಕಡಿಮೆ.
ಸ್ಕ್ಯಾನ್ ನೋಡಿದ ಡಾಕ್ಟರು ಕಲ್ಲುಂಟು ಅಂದರು,
ದಿನಕ್ಕೆ ಮೂರು ಲೀಟರು ನೀರು ಕುಡಿಯಿರಿ.
ಅಮ್ಮ ನಕ್ಕಳು,
ಯಾರೋ ದುಬೈ ನೋಡಿಕೊಂಡು ಬನ್ನಿ ಅಂದ ಹಾಗೆ.

ಹಣ ಬಂತು. ಸುಳ್ಳು ಹೇಳಬಾರದು, ಬಂತು,
ತಡವಾಗಿ, ಮೂರು ಆಫೀಸುಗಳಲ್ಲಿ ಕೂತು ಎದ್ದು.
ಚಿಕ್ಕ ಪ್ರಾಯದ ಇಂಜಿನಿಯರು ಐಸ್ ಪೆಟ್ಟಿಗೆಯ ಮೇಲೆ
ನಕಾಶೆ ಹರಡಿದ. ಇಲ್ಲಿ ಕಮಾನು,
ಇಲ್ಲಿ ನಾಮಫಲಕ, ಇಲ್ಲಿಂದ ಇಲ್ಲಿಗೆ ಗ್ರಾನೈಟು.
ಮತ್ತೆ? ಅಂದೆ ನಾನು.
ಮೂಲಸೌಕರ್ಯ ಅಂದರೆ ಅಷ್ಟೇ ಮೇಡಂ, ಅಂದ.
ನನ್ನ ಶಬ್ದ ನನ್ನನ್ನೇ ನೋಡಿತು.

ಆಗ ಬೇಬಿ ಶ್ರೀಯಾನ್ ಎದ್ದಳು,
ಕೈಯ ಪರೆ ಲಂಗಕ್ಕೆ ಒರಸಿ
ತುಳುವಿನಲ್ಲಿ ಕೇಳಿದಳು, ಇಡೀ ಮಾರ್ಕೆಟಿಗೆ ಕೇಳುವಂತೆ:
ನಾವು ಉಚ್ಚೆ ಹೊಯ್ಯುವುದೆಲ್ಲಿ ಮಗಾ,
ಮೊದಲು ಅದನ್ನು ತೋರಿಸು.
ಕೋಳಿ ಅಂಗಡಿಯವನ ಕತ್ತಿ ನಡುವೆ ನಿಂತಿತು.
ಇಂಜಿನಿಯರನ ಕಿವಿ
ತಾಜಾ ಅಂಜಲಿನ ಕಿವಿರಿನಷ್ಟು ಕೆಂಪು.
ವಾರಿಜಕ್ಕ ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ.
ಪೆನ್ಸಿಲು ತೆಗೆದು ಅವನು
ಮೂಲೆಯಲ್ಲಿ ಎರಡು ಚೌಕ ಬರೆದ.
ಕಮಾನು ಸ್ವಲ್ಪ ಗಿಡ್ಡವಾಯಿತು.

ಉದ್ಘಾಟನೆಗೆ ರಿಬ್ಬನ್ನು ಕಟ್ಟಿದ್ದು ಕಮಾನಿಗೇ.
ಹಿಂದಿನ ಬಾಗಿಲ ಬಗ್ಗೆ ಯಾರೂ ಭಾಷಣ ಮಾಡಲಿಲ್ಲ.
ಮೂರನೆಯ ವಾರ ಚಿಲಕ ಮುರಿಯಿತು,
ಈಗ ಬಲೆಯ ಹುರಿ ಕಟ್ಟಿದ್ದೇವೆ,
ಒಳಗಿದ್ದವಳು ಒಂದು ಕೈಯಲ್ಲಿ ಹಿಡಿದುಕೊಳ್ಳಬೇಕು.
ಟ್ಯಾಂಕಿನ ಬಿಲ್ಲು ಯಾರದ್ದೆಂದು
ಪಂಚಾಯತಿಗೂ ಸೊಸೈಟಿಗೂ ಪತ್ರ ನಡೆಯುತ್ತಿದೆ,
ನಮ್ಮ ಕಡೆಯದ್ದು ನಾನೇ ಬರೆಯುವುದು.
ಶೌಚಾಲಯ ಅಂತಲೇ ಬರೆಯುತ್ತೇನೆ.

ಮೊನ್ನೆ, ಹತ್ತೂವರೆಯ ಬಿಸಿಲು.
ಅಮ್ಮನ ಮಗ್ಗುಲಲ್ಲೇ ಇಪ್ಪತ್ತಾರು ವರ್ಷ
ಬೊಂಡ ಮಾರುವ ಹಸನಬ್ಬ.
ಅವಳ ಮೀನು ಅವನ ಮನೆಗೆ ಹೋಗಿದೆ,
ಅವನ ಬೊಂಡ ಅವಳ ಗಂಟಲಿಗೆ ಇಳಿದದ್ದಿಲ್ಲ.
ಒಂದು ಕೆತ್ತು, ಅಂದಳು.
ಅವನು ಕೇಳಿದ, ಯಾರಿಗೆ?
ನನಗೆ.
ಅವನು ರಾಶಿಯನ್ನೆಲ್ಲ ತಟ್ಟಿ ತಟ್ಟಿ
ಒಂದನ್ನು ಆರಿಸಿದ, ಕೆತ್ತಿದ, ನಳಿಗೆ ಹಾಕಲು ಹೋದ.
ಬೇಡ ಅಂದಳು, ಎತ್ತಿ ಕುಡಿದಳು,
ಕತ್ತಿನ ನರ ಏರಿ ಇಳಿಯಿತು, ರವಿಕೆಗೆ ಎರಡು ಹನಿ.
ಚಿಪ್ಪು ಕೆಳಗಿಟ್ಟು, ಸೊಂಟದ ಚೀಲ ಬಿಚ್ಚಿ,
ಎಷ್ಟು?
ಐವತ್ತು.
ಐವತ್ತಾ! ನೆರೆಕರೆಯವಳಿಗೂ ಐವತ್ತಾ?
ಮೂವತ್ತೈದು ಹಿಡಿ.