ಶನಿವಾರ, ಮೇಣ ಕೆರೆಯುತ್ತ

ಕೋಡಿಬಾಗದ ಇಗರ್ಜಿಯಲ್ಲಿ ಇವತ್ತು ಪೂಜೆಯಿಲ್ಲ.
ನಿನ್ನೆ ಅವನು ಸತ್ತ. ನಾಳೆ ಏಳುತ್ತಾನಂತೆ.
ನಡುವಿನ ಈ ದಿನ ಕಸ ಗುಡಿಸುವವರದ್ದು.

ಮೀನು ಹೆರೆಯುವ ಹಳೇ ಚೂರಿ ತಂದಿದ್ದೇನೆ,
ವಾಸನೆ ಹೋಗಲೆಂದು ಹುಣಸೆ ಹಚ್ಚಿ ತೊಳೆದು.
ಮಂಡಿಯೂರಿದ್ದೇನೆ, ಪ್ರಾರ್ಥನೆಗಲ್ಲ,
ಮೇಣ ಕೆರೆಯುವುದಕ್ಕೆ.

ವರ್ಷವಿಡೀ ಉರಿದ ಬತ್ತಿಗಳು ಇಲ್ಲಿ
ಒಂದರ ಮೇಲೊಂದು ಇಳಿದು ಗಟ್ಟಿಯಾಗಿವೆ:
ಪರ್ಸಿನ್ ಬೋಟಿಗೆ ಮೀನು ಸಿಗಲೆಂದು,
ಸೀಬರ್ಡಿಗೆ ಹೋದ ಜಾಗಕ್ಕೆ ಪರಿಹಾರ ಬರಲೆಂದು,
ಹತ್ತನೇ ಕ್ಲಾಸಿನ ಗಣಿತಕ್ಕೆಂದು.
ಇದರಲ್ಲೆಲ್ಲೋ ನನ್ನ ಒಂಬತ್ತೂ ಇವೆ,
ಬೆನಿತನಿಗಾಗಿ, ಒಂಬತ್ತು ಸಂಜೆ.

ಅದೇ ಒಂಬತ್ತು ಸಂಜೆ ಪಿಯೆದಾದಳೂ ಹಚ್ಚಿದಳು.
ಅವಳ ಮೊಮ್ಮಗ, ನನ್ನ ಮಗ,
ಮಣಿಪಾಲದ ಒಂದೇ ವಾರ್ಡು, ಒಂದೇ ಜ್ವರ,
ನಡುವೆ ಒಂದು ಹಸಿರು ಪರದೆ.
ಅವನ ಪ್ಲೇಟ್‌ಲೆಟ್ ಏರಿತು. ಇವನದ್ದು ಏರಲಿಲ್ಲ.
ಆ ಮಗು ಮನೆಗೆ ಬಂತು, ಬ್ಯಾಂಡಿನವರನ್ನು ಕರೆಸಿ
ಸ್ತುತಿ ಪೂಜೆ ಇಡಿಸಿದರು. ನಾನೂ ಹೋದೆ,
ಕೇಕು ತಿಂದೆ. ಚೆನ್ನಾಗಿತ್ತು.

ಈಗ ಚೂರಿಯ ಮೊನೆಯಲ್ಲಿ ಹಿಡಿದು ನೋಡುತ್ತೇನೆ:
ಅವನಿಗೆ ಕೇಳಿಸಿದ ಬತ್ತಿ ಯಾವುದು, ಕೇಳಿಸದ್ದು ಯಾವುದು?
ಎರಡೂ ಒಂದೇ ಬಿಳಿ, ಒಂದೇ ಧೂಳು,
ಒಂದೇ ಸಿಪ್ಪೆಯಾಗಿ ಏಳುತ್ತವೆ.

ಅವತ್ತು ಅಂಗಳಕ್ಕೆ ಬಂದವರೆಲ್ಲ ಅಂದರು:
'ದೇವರ ಇಚ್ಛೆ, ಮಾರಾಯ್ತಿ.'
'ಒಳ್ಳೇ ಹೂವನ್ನೇ ಅವನು ಮೊದಲು ಕೊಯ್ಯೋದು.'
ಹೂವೇ? ಏಳು ವರ್ಷದವನ ಹಲ್ಲೊಂದು ಅಲುಗಾಡುತ್ತಿತ್ತು.
ಬಿದ್ದಮೇಲೆ ಹಂಚಿನ ಮೇಲೆಸೆಯೋಣ ಎಂದಿದ್ದೆ.

ಲಿನೊ ಪಾದ್ರಿ ಮಾತ್ರ, ಇನ್ನೂ ಹುಡುಗ,
ಬರೆದು ತಂದ ಪ್ರವಚನ ಮಡಚಿ ಕಿಸೆಗಿಟ್ಟು
'ಯಾಕೆಂದು ನನಗೂ ಗೊತ್ತಿಲ್ಲ' ಎಂದು ಕೂತುಬಿಟ್ಟರು.
ಬಿಷಪರಿಗೆ ಎರಡು ದೂರು ಹೋದವು.
ನಾನು ಮುಂದಿನ ಭಾನುವಾರ ಮತ್ತೆ ಇಗರ್ಜಿಗೆ ಬಂದೆ.

ಆದರೂ ವಿಶ್ವಾಸ ಹೇಳುವಾಗ 'ಸರ್ವಶಕ್ತ' ಬಂದರೆ
ತುಟಿ ಕಚ್ಚುತ್ತೇನೆ. ಪಕ್ಕದಲ್ಲಿ ಪಿಯೆದಾದ್
ಗಟ್ಟಿಯಾಗಿ ಹೇಳುತ್ತಾಳೆ, ಇಬ್ಬರಿಗೂ ಸಾಕಾಗುವಷ್ಟು.
'ಪಾಡುಪಟ್ಟು, ಸತ್ತು, ಹೂಳಲ್ಪಟ್ಟು' ಎಂಬಲ್ಲಿ
ನನ್ನದೇ ದನಿ ದೊಡ್ಡದು.

ಕೆರೆಯುತ್ತ ಕೆರೆಯುತ್ತ ಪೀಠದ ಬುಡಕ್ಕೆ ಬಂದು
ತಲೆಯೆತ್ತಿದರೆ, ಪರಮಪ್ರಸಾದದ ಪೆಟ್ಟಿಗೆ
ಹಾರುಹೊಡೆದುಕೊಂಡಿದೆ.
ಒಳಗೆ ಏನೂ ಇಲ್ಲ. ಮಡಚಿದ ಬಟ್ಟೆ,
ಅದರ ಮೇಲೆ ದಾರಿ ತಪ್ಪಿದ ಒಂದು ಇರುವೆ.
ಪೀಠಕ್ಕೆ ಹಾಸಿಲ್ಲ. ದೀಪ ಆರಿದೆ. ಗಂಟೆಗೆ ಮಾತಿಲ್ಲ.

ಈ ಮನೆ ನನಗೆ ಗೊತ್ತು.
ಮೂರು ದಿನ ಒಲೆ ಹಚ್ಚದ ಮನೆ,
ಬಾಗಿಲು ಹಾಕಲು ಯಾರಿಗೂ ನೆನಪಾಗದ ಮನೆ.
ಮಗ ಹೋದ ಮನೆ.

ಇಂಥಲ್ಲಿಗೆ ಬರಿಗೈಯಲ್ಲಿ ಬರಬಾರದು.
ಕೈತಾನನಿಗೆಂದು ತಂದ ಗಂಜಿಯ ಡಬ್ಬಿ,
ಉಪ್ಪುನೀರಿನ ಒಂದು ಮಾವಿನಕಾಯಿ
ಮೆಟ್ಟಿಲ ಮೇಲಿಟ್ಟು ಗೋಡೆಗೊರಗಿ ಕೂತೆ.
ಕಾಳಿಯ ಅಳಿವೆ ಕಡೆಯಿಂದ ಗಾಳಿ ಬಂದು
ಪೆಟ್ಟಿಗೆಯ ಬಾಗಿಲನ್ನು ಚೂರು ಅಲುಗಿಸಿತು.
ತುಂಬ ಹೊತ್ತು ಇಬ್ಬರೂ ಸುಮ್ಮನಿದ್ದೆವು.
ಅವತ್ತು ಅವರೆಲ್ಲ ನನಗೆ ಅಂದದ್ದನ್ನು
ನಾನು ಅವನಿಗೆ ಅನ್ನಲಿಲ್ಲ.

ಕೈತಾನ ಬೀಗದ ಗೊಂಚಲು ಕುಲುಕುತ್ತ ಬಂದ.
'ಮುಗೀತಾ?'
'ಇಲ್ಲ' ಎಂದೆ. 'ಕಲ್ಲಿನೊಳಗೇ ಇಳಿದಿದೆ.
ಒಂದಷ್ಟು ಬರೋದಿಲ್ಲ.'