ಮೂಗು ನನ್ನದು

ಬೈತಖೋಲದಲ್ಲಿ ದೋಣಿಗಳೆಲ್ಲ ದಡ ಹತ್ತಿ
ತಾಡಪತ್ರೆ ಹೊದ್ದು ಮಲಗಿದ ಮೇಲೆ
ನನ್ನ ಬುಟ್ಟಿಗೆ ಕೆಲಸವಿಲ್ಲ.
ಅರವತ್ತೊಂದು ದಿನ.
ಒಣ ಬಂಗಡೆ ಸುಟ್ಟು ಸುಟ್ಟು
ನಾಲಿಗೆಯೇ ಒಣ ಬಂಗಡೆ.

ಭಾನುವಾರದ ಸಂತೆಯಲ್ಲಿ ಗೋಟೆಗಾಳಿಯವಳು
ಸಾಗವಾನಿ ಎಲೆ ಬಿಚ್ಚಿ ತೋರಿಸಿದಳು:
ಮಣ್ಣು ಮೆತ್ತಿದ ಅಳಂಬೆ, ನೂರಕ್ಕೆ ಮುನ್ನೂರು ರೂಪಾಯಿ.
ಮೀನು ಮಾರುವವಳ ಹತ್ತಿರ ಇದೆಲ್ಲ ನಡೆಯೂದಿಲ್ಲ, ಅಂದೆ.
ಮೀನು ವರ್ಷವಿಡೀ, ಇದು ಎಂಟು ದಿನ, ಅಂದಳು.
ಇಬ್ಬರೂ ಸೋತು ಇಬ್ಬರೂ ನಕ್ಕೆವು.

ಖೇಮುಗೆ ತೋರಿಸಿದೆ.
ಒಂದನ್ನೆತ್ತಿ ಮೂಗಿಗೆ ಹಿಡಿದ, ಅಭ್ಯಾಸ.
ಕೆಳಗಿಟ್ಟ.

ಇಪ್ಪತ್ತಾರು ವರ್ಷ ಹಡಗಿನಲ್ಲಿ
ಗ್ರೀಕ್ ಕಪ್ತಾನರಿಗೂ ಮನಿಲಾದ ಹುಡುಗರಿಗೂ ಬೇಯಿಸಿ ಹಾಕಿದವ,
ಮುಚ್ಚಳ ತೆಗೆಯದೆ ಒಳಗಿನದು ಹೇಳುತ್ತಿದ್ದವ.
ಆ ಜ್ವರ ಹೋಗುವಾಗ ವಾಸನೆಯನ್ನೂ ಕರಕೊಂಡು ಹೋಯಿತು.
ಜ್ವರ ವಾಪಸು ಬರಲಿಲ್ಲ, ಪುಣ್ಯ.
ಅದೂ ಬರಲಿಲ್ಲ.
ಮೂರು ವರ್ಷ ಸೌಟು ಮುಟ್ಟಿಲ್ಲ.
ಗ್ಯಾಸ್ ಸೋರಿದರೂ ತಿಳಿಯದವನಿಗೆ ಒಲೆ ಯಾಕೆ,
ಅಂತ ಅವನದೇ ತೀರ್ಪು.

ಕೋಳಿ ತಂದಿದ್ದೇನೆ, ಅಂದೆ. ಬಿಳೀ ಸಾಸಿನದು ಮಾಡು.
ಕೈ ನಿನ್ನದು.
ಮೂಗು ನನ್ನದು.

ಬಿದಿರಿನ ಚಕ್ಕೆಯಿಂದ ನಾನು ಮಣ್ಣು ಕೆರೆದೆ.
ಅವನು ತುಂಡುಗಳನ್ನು ಬೆಣ್ಣೆಗೆ ಇಳಿಸಿ
ಚುರ್ ಅಂದದ್ದು ಹೆಚ್ಚಾಯಿತೆಂದು ಉರಿ ತಗ್ಗಿಸಿದ.
ಕಿವಿ ಉಂಟಲ್ಲ.

ಅಳಂಬೆ ನೀರು ಬಿಟ್ಟಿತು.
ಬಿಟ್ಟ ನೀರನ್ನು ತಾನೇ ಕುಡಿಯುವ ತನಕ ಕಾಯಬೇಕಂತೆ.
"ಈಗ ಹೇಗುಂಟು?"
ಚೆನ್ನಾಗುಂಟು, ಅಂದೆ.
"ಗಿರಾಕಿಗೆ ಹೇಳೋ ಮಾತು ಅದು. ಸರಿಯಾಗಿ ಹೇಳು."

ಕಣ್ಣು ಮುಚ್ಚಿದೆ.
ಒದ್ದೆ ಹಗ್ಗ. ನೆರಳಲ್ಲಿ ಒಣಗಿದ್ದು.
ಬಾವಿಗೆ ಬಗ್ಗಿದಾಗ ಮುಖಕ್ಕೆ ಬಡಿಯುತ್ತದಲ್ಲ,
ಆ ತಂಪು.
"ಇನ್ನೂ ಎರಡು ನಿಮಿಷ," ಅಂದ.

ಬೇರೆ ಪಾತ್ರೆಯಲ್ಲಿ ಬೆಣ್ಣೆ, ಮೈದಾ.
ಈಗ?
ಗಾಳಿಪಟದ ಅಂಟು.
ಈಗ?
ಅದೇ ಅಂಟು, ತಾಳು... ಇಲ್ಲ, ಬಿಸ್ಕೀಟು!
"ಹಾಲು ತಾ, ಬೇಗ."
ಗಂಟಾಗದ ಹಾಗೆ ಸ್ವಲ್ಪ ಸ್ವಲ್ಪವೇ ಹೊಯ್ದು ತಿರುಗಿಸಿದ,
ಪಾದ ಅಗಲಿಸಿ, ಮೊಣಕಾಲು ಸಡಿಲಿಸಿ,
ಹಡಗು ವಾಲುವಾಗ ನಿಲ್ಲುವ ನಿಲುವು.
ನಮ್ಮ ಅಡುಗೆಮನೆ ಅಲುಗಾಡದೆ ನಿಂತು ಅವನನ್ನು ನೋಡಿತು.

ಐದು ದಿನ ಕೂಡಿಟ್ಟ ಕೆನೆ. ಕರಿಮೆಣಸು.
ಜಾಯಿಕಾಯಿ, ಎರಡೇ ಉಜ್ಜು.
ಅದು ಹೇಗುಂಟೆಂದು ಮಾತ್ರ ಅವನು ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ:
ಹನ್ನೊಂದು ತಿಂಗಳ ಮೇಲೆ ನೀನು ಇಳಿದು ಬಂದು
ಜಗುಲಿಯಲ್ಲಿ ತೆರೆಯುತ್ತಿದ್ದ ಪೆಟ್ಟಿಗೆ.

ಮನೆಯಲ್ಲಿ ಓವನ್ ಎಲ್ಲಿಂದ ಬರಬೇಕು?
ಹಳೇ ಪಾವಿನ ಪುಡಿ, ಚೀಸು ಉದುರಿಸಿ
ತಟ್ಟೆಯನ್ನು ಲುಂಗಿಯಲ್ಲಿ ಕಟ್ಟಿಕೊಂಡು
ರಿಕ್ಷಾದಲ್ಲಿ ಕೋಡಿಬಾಗಕ್ಕೆ.
ಪ್ರತಿ ಗುಂಡಿಗೂ ನಾಲ್ಕು ಕೈ ತಟ್ಟೆಯ ಮೇಲೆ.

ಕಾಯ್ತಾನನ ಭಟ್ಟಿಯಿಂದ ಸಂಜೆಯ ಪಾವು ಹೊರಬಿದ್ದಿತ್ತು,
ಇಟ್ಟಿಗೆಗಳಲ್ಲಿ ಬಿಸಿ ಬಾಕಿ ಇತ್ತು.
ಉದ್ದ ಹಲಗೆಯಲ್ಲಿಟ್ಟು ಒಳಗೆ ತಳ್ಳಿದ.
ಸ್ವಲ್ಪ ಹೊತ್ತಿಗೆ, "ಖೇಮು ಮಾರಾಯ, ಏನು ಪರಿಮಳವೋ!" ಅಂದ.
ಪಾಪ, ಅವನಿಗೆ ಗೊತ್ತಿಲ್ಲ.
ಖೇಮು ಹೊರಗೆ ಮಳೆ ನೋಡಿದ,
ಕಾಳಿಯ ಕೆಂಪು ನೀರು ಸಮುದ್ರದೊಳಗೆ
ಎಲ್ಲಿಯವರೆಗೆ ಕೆಂಪಾಗಿಯೇ ಹೋಗುತ್ತದೆಂದು.

ತೆಗೆದಾಗ ಅಂಚಿನಲ್ಲೆಲ್ಲ ಗುಳ್ಳೆ,
ಮೇಲೆ ಕಂದು ಪದರ, ಒಂದು ಮೂಲೆ ಕಪ್ಪು.
"ಹೇಳು," ಅಂದ.
ಹೇಳತೊಡಗಿದೆ. ಬಾವಿ, ಹಗ್ಗ, ಬಿಸ್ಕೀಟು,
ಸುಟ್ಟ ಮೂಲೆಗೊಂದು, ಕೆನೆಗೊಂದು,
ಇಲ್ಲದ ಮಾತುಗಳನ್ನೂ ಹುಟ್ಟಿಸಿ ಹೇಳುತ್ತಲೇ ಇದ್ದೆ.
ಅವನು ಪಾವು ಮುರಿದು, ಅದ್ದಿ, ಊದಿ,
ಬಾಯಿಗಿಟ್ಟು, ಬಹಳ ಹೊತ್ತು ಅಗಿದು
ನನ್ನ ಮಾತಿನ ಮಧ್ಯೆಯೇ ಅಂದ:

"ಉಪ್ಪು ಹಾಕಿಯೇ ಇಲ್ಲ ನಾವು."