ನಗಬಾರದ ಸಾಲು

ಕಲೋತ್ಸವದ ಪಟ್ಟಿಗೆ ಹೊಸದಾಗಿ ಸೇರಿದೆ
ಮಂಗಲಂಕಳಿ, ಎಂದು ಸುತ್ತೋಲೆ ಬಂತು.
ಮುಳ್ಳೇರಿಯದ ನಮ್ಮ ಕನ್ನಡ ಶಾಲೆಯಲ್ಲಿ
ಆ ಕುಣಿತ ಗೊತ್ತಿದ್ದ ಟೀಚರು ಯಾರೂ ಇಲ್ಲ.
ಮೊಬೈಲು ಇತ್ತು.

ಮೂರು ವಿಡಿಯೋ ನೋಡಿ ನಾನೇ ಲೆಕ್ಕ ಹಾಕಿದೆ,
ಬಲಗಾಲು ಎರಡು, ಎಡಗಾಲು ಒಂದು, ಬಾಗು, ತಿರುಗು.
ಬೋರ್ಡಿನ ತುಂಬ ಬಾಣ.
ಬಾಡಿಗೆ ವೇಷದಂಗಡಿಯವ ಹೇಳಿದ,
ಕಾಡಿನವರ ಸೆಟ್ ಇದೆ ಟೀಚರೇ,
ಪ್ಲಾಸ್ಟಿಕ್ ಎಲೆಯ ಲಂಗ,
ಮುಖಕ್ಕೆ ಬಳಿಯುವ ಕಪ್ಪು ಪುಕ್ಕಟೆ.
ಅಡ್ವಾನ್ಸು ಕೊಟ್ಟು ಬಂದೆ.
ಇದನ್ನು ಬರೆಯದೆ ಮುಂದಿನದನ್ನು ಬರೆಯಲಾರೆ.

ಹಿಂದಿನ ಬೆಂಚಿನ ಜಿಷ್ಣು ಅಂದ: ಹಾಗಲ್ಲ.
ಮತ್ತೆ ಹೇಗೆ? ಹೇಳಲಿಲ್ಲ.
ಮರುದಿನ ಲೆಕ್ಕದ ಪುಸ್ತಕದ ಅಂಚು ಹರಿದು
ಒಂದು ಫೋನ್ ನಂಬರು ತಂದ.

ಬಂದಡ್ಕದ ಆಚೆಯ ಗುಡ್ಡದಿಂದ ಎರಡು ಬಸ್ಸು ಹತ್ತಿ
ಕಾರಿಚ್ಚಿ ಬಂದರು, ಸಿಮೆಂಟು ಚೀಲದಲ್ಲಿ ತುಡಿ.
ಅವರ ತುಳು ನನ್ನ ತುಳುವಿಗೆ ಅಜ್ಜಿಯಾಗಬೇಕು,
ಅರ್ಧ ತಿಳಿಯಿತು.
ಗಂಜಿ ಕೋಣೆಯ ಹಿಂದೆ ಒಣಗರಿ ಉರಿಸಿ
ತುಡಿಯ ಚರ್ಮಕ್ಕೆ ಬಿಸಿ ತೋರಿಸುತ್ತ ಕೇಳಿದರು:
ಮದುಮಗಳು ಯಾರು?

ಮಕ್ಕಳು ಕಿಸಕ್ಕೆಂದರು.
ಮದುವೆಯಿಲ್ಲದೆ ಯಾರ ಸುತ್ತ ಕುಣಿಯುವುದು?
ಮಿಸ್ರಿಯಾ ಯೋಚಿಸಿ ಹೇಳಿದಳು,
ಗಂಜಿ ಬೇಯಿಸುವ ಜಾನಕ್ಕನ ಮಗಳಿಗೆ ನಿಶ್ಚಯವಾಗಿದೆ.
ಸರಿ, ಹಾಗಾದರೆ ಅವಳಿಗೆ.
ಒಳಗಿನಿಂದ ಸೌಟಿನ ಸದ್ದು ನಿಂತಿತು.

ಎರಡನೇ ದಿನ ಬಸ್ಸು ತಡ.
ಸ್ಟಾಫ್ ರೂಮಿನಲ್ಲಿ ಕೇಳಿದೆ: ಬಂದಳಾ ಅವಳು?
ಭರತನಾಟ್ಯ ಕಲಿಸುವವರಿಗೆ ಇನ್ನೂ ಮೂವತ್ತು ತುಂಬಿಲ್ಲ,
ಅವರಿಗೆ ‘ಬಂದರಾ’ ಅನ್ನುವ ಬಾಯಿ ಇದೇ.
ಬಾಗಿಲಲ್ಲಿ ಜಿಷ್ಣು ನಿಂತಿದ್ದ
ಹಾಜರಿ ಪುಸ್ತಕ ಹಿಡಿದುಕೊಂಡು.

ಬೋರ್ಡಿನ ಬಾಣಗಳನ್ನು ಅವರು ನೋಡಿದರು, ಒರೆಸಲಿಲ್ಲ.
ನನ್ನ ಕೈ ಹಿಡಿದು ವೃತ್ತದೊಳಗೆ ಎಳೆದರು.
ಸೀರೆ, ಕೊರಳಲ್ಲಿ ಗುರುತಿನ ಚೀಟಿ, ಐವತ್ತರ ಮಂಡಿ.
ಎಣಿಸುತ್ತಿದ್ದಷ್ಟು ಹೊತ್ತೂ ತಪ್ಪಿದೆ.

ಕಪ್ಪಿನ ಡಬ್ಬಿ ಎತ್ತಿ ಕೇಳಿದರು: ಇದು ಯಾರಿಗೆ?
ಯಾರೂ ಉಸಿರೆತ್ತಲಿಲ್ಲ.
ಚಾಕ್‌ಪೀಸಿನ ಪೆಟ್ಟಿಗೆಯ ಹಿಂದಕ್ಕೆ ತಳ್ಳಿದೆ.
ಅಡ್ವಾನ್ಸು ಹೋಯಿತು, ಹೋಗಲಿ.

ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದೆ,
ತೀರ್ಪುಗಾರರಿಗೆ ಹಲ್ಲು ಕಾಣಬೇಕು, ಕೊನೆಯವರೆಗೂ ನಗು.
ಮೂರನೇ ಹಾಡಿನ ನಡುವೆ ತುಡಿ ತಟ್ಟನೆ ನಿಂತಿತು.
ಇಲ್ಲಿ ನಗುವುದಿಲ್ಲ.
ಯಾಕೆ ಎಂದು ಮಿಸ್ರಿಯಾ.
ಈ ಸಾಲಿನಲ್ಲಿ ಒಡೆಯನ ಅಂಗಳದ ಬತ್ತ ಇದೆ ಮಗಾ,
ಅಳೆದದ್ದು ಅವರಿಗೆ, ಚೆಲ್ಲಿದ್ದು ನಮಗೆ.
ಗದ್ದೆ ಕೈ ಬದಲಾದಾಗ
ಎತ್ತಿನ ಜೊತೆಗೆ ನನ್ನ ಅಜ್ಜಿಯನ್ನೂ ಎಣಿಸಿದ್ದರು.
ಬೇರೆ ಕಡೆಯೆಲ್ಲ ನಗಿ. ಮದುವೆಯಲ್ಲವಾ, ನಗದೆ ಹೇಗೆ?
ಈ ಒಂದು ಸಾಲು ಬಿಟ್ಟು.

ಇನ್ನೊಂದು ಹಾಡಿದೆ ಎಂದರು, ಅದು ಮನೆಯದ್ದು, ಹೊರಗೆ ಬೊಡ್ಚಿ.
ಸಣ್ಣಗೆ ಗುನುಗಿ ಸುಮ್ಮನಾದರು.
ನನ್ನ ಮೊಬೈಲು ರೆಕಾರ್ಡ್ ಮಾಡುತ್ತಿತ್ತು.
ಆರಿಸಿದೆ, ತುಸು ತಡವಾಗಿ.
ರಾತ್ರಿ ಒಮ್ಮೆ ಕೇಳಿದೆ.
ಆಮೇಲೆ ಅಳಿಸಿದೆ.

ಅವರು ಕೇಳಿದ್ದು ಉದ್ಯೋಗ ಖಾತ್ರಿಯ ದಿನಗೂಲಿ, ಮೇಲೆ ಬಸ್ಸಿನ ದುಡ್ಡು.
ಹೆಡ್‌ಮಾಷ್ಟ್ರು ಅಂದರು: ಅಷ್ಟೇ ಕೇಳಿದರೆ ಅಷ್ಟೇ ಕೊಡಿ.
ವೋಚರಿನ ‘ಇತರೆ’ಯಲ್ಲಿ ಬರೆದ ಹೆಸರನ್ನು ಹೊಡೆದು
‘ಶಿಕ್ಷಕರು’ ಎಂಬಲ್ಲಿ ಬರೆದು, ಮೊತ್ತವನ್ನೂ ತಿದ್ದಿ,
ಜಗಳಗಂಟಿ ಅನ್ನಿಸಿಕೊಂಡೆ.

ಬಿ ಗ್ರೇಡು ಬಂತು.
ಷರಾದಲ್ಲಿ ಇತ್ತು: ಒಂದು ಕಡೆ ಮುಖಭಾವ ಮಂಕು.
ಮಕ್ಕಳು ಬಸ್ಸಿನ ಸೀಟು ಗುದ್ದಿದರು.
ಫೋನ್ ಮಾಡಿದೆ. ಆಚೆ ಕೋಳಿ ಕೂಗುತ್ತಿತ್ತು.
ಮಂಕಂತೆ, ಅಂದೆ.
ಯಾವ ಸಾಲಿನಲ್ಲಿ?
ಹೇಳಿದೆ.
ಸ್ವಲ್ಪ ಹೊತ್ತು ಕೋಳಿ ಮಾತ್ರ.
ಆಮೇಲೆ ಕಾರಿಚ್ಚಿ ನಕ್ಕರು,
ಜಿಷ್ಣುವಿಗೆ ಕೇಳಲಿ ಎಂದು ಫೋನನ್ನು ಅವನ ಕಿವಿಗಿಟ್ಟೆ.